ಅಪೂರ್ಣ ಕಲಾಕೃತಿ: ಬೇಕೆಂದೇ ಮುಗಿಸದೆ ಬಿಟ್ಟ ಕೃತಿಗಳು

ಕೃತಿಯನ್ನು ಮುಗಿಸುವ ಶಕ್ತಿ, ಸಮಯ, ಸಾಮಗ್ರಿ ಎಲ್ಲವೂ ಇದ್ದು, ಕಲಾವಿದ ಒಂದು ಹಂತದಲ್ಲಿ ಕೈ ನಿಲ್ಲಿಸಿ ಆ ಸ್ಥಿತಿಯಲ್ಲೇ ಅದನ್ನು ಲೋಕದ ಮುಂದಿಟ್ಟರೆ ಅದು ಉದ್ದೇಶಪೂರ್ವಕವಾಗಿ ಅಪೂರ್ಣವಾದ ಕೃತಿ. ಇಟಲಿಯ ಕಲಾಚರಿತ್ರೆಯಲ್ಲಿ ಈ ರೀತಿಗೆ ‘ನಾನ್ ಫಿನಿತೊ’ ಎಂಬ ಹೆಸರಿದೆ. ಉಳಿಯ ಗೀರುಗಳನ್ನು ಉಜ್ಜದೆ ಬಿಟ್ಟ ಅಮೃತಶಿಲೆ, ಬಣ್ಣ ತಾಗದೆ ಉಳಿದ ಕ್ಯಾನ್ವಾಸು, ನಡುವೆಯೇ ನಿಂತ ಕಾವ್ಯ ಇವೆಲ್ಲ ಇದರ ರೂಪಗಳು.

ಇದನ್ನು ಇನ್ನೆರಡು ಬಗೆಯ ಕೃತಿಗಳಿಂದ ಬೇರೆ ಮಾಡಿ ನೋಡಬೇಕು. ಸಾವು, ಯುದ್ಧ, ಹಣದ ಅಭಾವ, ಆಶ್ರಯದಾತನ ಮನಸ್ಸು ಬದಲಾದದ್ದು, ಇಂಥ ಕಾರಣಗಳಿಂದ ಅರ್ಧಕ್ಕೆ ನಿಂತವು ಒಂದು ಬಗೆ. ಪೂರ್ತಿಯಾದ ಮೇಲೆ ಮುರಿದವು ಇನ್ನೊಂದು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ತೋಳಿಲ್ಲದ ವೀನಸ್ ಈ ಗುಂಪಿನದು. ನೋಡುವ ಕಣ್ಣಿಗೆ ಮೂರೂ ಒಂದೇ ಥರ ಕಾಣಬಹುದು. ಹಾಗೆ ಕಾಣುವುದರಲ್ಲೇ ಈ ಕಲೆಯ ಚರಿತ್ರೆ ಅಡಗಿದೆ. ಅನಿವಾರ್ಯವಾಗಿ ನಿಂತುಹೋದ ಕೃತಿಗಳನ್ನು ಪ್ರೀತಿಸಲು ಜನ ಮೊದಲು ಕಲಿತರು. ಆ ಪ್ರೀತಿ ಬೇರೂರಿದ ಮೇಲೆಯೇ ಕಲಾವಿದರು ಬೇಕೆಂದು ನಿಲ್ಲಿಸುವ ಧೈರ್ಯ ಮಾಡಿದರು.

ಈ ಪ್ರೀತಿಯ ಹಳೆಯ ದಾಖಲೆಗಳಲ್ಲಿ ಮುಖ್ಯವಾದದ್ದು ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ಹಿರಿಯ ಪ್ಲಿನಿಯದು. ಅವನ ‘ನಿಸರ್ಗ ಚರಿತ್ರೆ’ಯ 35ನೆಯ ಪುಸ್ತಕ ಚಿತ್ರಕಲೆಗೆ ಮೀಸಲು. ಅಪೆಲ್ಲೆಸ್, ನಿಕೊಮಾಖಸ್, ಟಿಮೊಮಾಖಸ್, ಅರಿಸ್ಟೈಡಿಸ್ ಎಂಬ ಗ್ರೀಕ್ ಚಿತ್ರಕಾರರು ಮುಗಿಸದೆ ಬಿಟ್ಟ ಚಿತ್ರಗಳನ್ನು ಜನ ಅವರ ಮುಗಿದ ಚಿತ್ರಗಳಿಗಿಂತ ಹೆಚ್ಚಾಗಿ ಮೆಚ್ಚುತ್ತಿದ್ದರೆಂದು ಅಲ್ಲಿ ಬರೆದು, ಪ್ಲಿನಿ ಎರಡು ಕಾರಣ ಕೊಡುತ್ತಾನೆ. ಒಂದು, ಅಡಿಯ ರೇಖೆಗಳ ಮೂಲಕ ಕಲಾವಿದನ ಆಲೋಚನೆಯೇ ಕಾಣಿಸುತ್ತದೆ. ಎರಡು, ಕೆಲಸದ ನಡುವೆ ನಿಂತುಹೋದ ಕೈಯನ್ನು ನೆನೆದು ನೋಡುವವನಿಗೆ ದುಃಖವಾಗುತ್ತದೆ. ಮುಂದಿನ ಎರಡು ಸಾವಿರ ವರ್ಷಗಳ ಚರ್ಚೆ ಈ ಎರಡು ಮಾತುಗಳಿಂದ ಹೆಚ್ಚು ದೂರ ಹೋಗಿಲ್ಲ. ಆದರೆ ಬೇಕೆಂದು ನಿಲ್ಲಿಸಿದ ಕೃತಿಗೆ ಎರಡನೆಯ ಕಾರಣದ ಆಸರೆ ಇಲ್ಲ. ಅದು ಮೊದಲನೆಯದರ ಬಲದ ಮೇಲೆಯೇ ನಿಲ್ಲಬೇಕು.

ಮೈಕೆಲೇಂಜೆಲೊ

ಫ್ಲಾರೆನ್ಸಿನ ಅಕಾಡೆಮಿಯಾ ಸಂಗ್ರಹಾಲಯದಲ್ಲಿ ‘ಡೇವಿಡ್’ ಪ್ರತಿಮೆಯತ್ತ ಹೋಗುವ ಉದ್ದನೆಯ ಅಂಕಣದ ಇಕ್ಕೆಲಗಳಲ್ಲಿ ಮೈಕೆಲೇಂಜೆಲೊನ ನಾಲ್ಕು ‘ಬಂದಿ’ಗಳೂ ‘ಸಂತ ಮ್ಯಾಥ್ಯೂ’ ಪ್ರತಿಮೆಯೂ ಇವೆ. ಪೋಪ್ ಎರಡನೆಯ ಜೂಲಿಯಸ್ ತನ್ನ ಸಮಾಧಿಯ ಕೆಲಸವನ್ನು 1505ರಲ್ಲಿ ಈ ಶಿಲ್ಪಿಗೆ ಒಪ್ಪಿಸಿದ. ಯೋಜನೆ ಮತ್ತೆ ಮತ್ತೆ ಕುಗ್ಗಿ, ಒಪ್ಪಂದಗಳು ಬದಲಾಗಿ, ಕೊನೆಗೆ 1545ರಲ್ಲಿ ರೋಮಿನ ಸಾನ್ ಪಿಯೆತ್ರೊ ಇನ್ ವಿಂಕೊಲಿ ಚರ್ಚಿನಲ್ಲಿ ಮೊದಲ ಕನಸಿಗಿಂತ ತೀರ ಚಿಕ್ಕದಾದ ಸಮಾಧಿ ಎದ್ದು ನಿಂತಿತು. ಆ ಸಮಾಧಿಗೆಂದೇ ಕೆತ್ತತೊಡಗಿದ್ದ ಬಂದಿಗಳಿಗೆ ಅಲ್ಲಿ ಜಾಗ ಸಿಗಲಿಲ್ಲ. ಆದ್ದರಿಂದ ಅವು ಮುಗಿಯದಿರಲು ಹೊರಗಿನ ಕಾರಣವಂತೂ ಖಚಿತವಾಗಿದೆ.

ಅಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ‘ಅಟ್ಲಸ್’ ಎಂದು ಕರೆಯುವ ಬಂದಿಯ ತಲೆ ಇನ್ನೂ ಕಲ್ಲಿನೊಳಗೇ ಇದೆ. ಮುಂಡ ಮತ್ತು ತೊಡೆಗಳು ಮಾತ್ರ ಹೊರಬಂದಿವೆ. ಕಲ್ಲಿನ ನಾಲ್ಕೂ ಮುಖಗಳನ್ನು ಸಮನಾಗಿ ತೆಗೆಯದೆ, ಎದುರಿನಿಂದ ಹಿಂದಕ್ಕೆ ಪದರ ಪದರವಾಗಿ ಬಿಡಿಸುತ್ತ ಹೋಗುವುದು ಮೈಕೆಲೇಂಜೆಲೊನ ಪದ್ಧತಿಯಾಗಿತ್ತು. ಅವನ ಜೀವನಚರಿತ್ರೆ ಬರೆದ ವಸಾರಿ ಇದನ್ನು ವಿವರಿಸಲು ಒಂದು ಉಪಾಯ ಹೇಳುತ್ತಾನೆ: ಮೇಣದ ಗೊಂಬೆಯನ್ನು ನೀರಿನ ತೊಟ್ಟಿಯಲ್ಲಿ ಅಡ್ಡ ಮಲಗಿಸಿ ನಿಧಾನವಾಗಿ ಮೇಲೆತ್ತಿದರೆ ಉಬ್ಬಿದ ಭಾಗಗಳು ಮೊದಲು, ಉಳಿದವು ಆಮೇಲೆ ನೀರಿನಿಂದ ಹೊರಬರುತ್ತವೆ; ಕಲ್ಲಿನಿಂದ ಆಕೃತಿ ಬರಬೇಕಾದದ್ದೂ ಹೀಗೆ. ಈ ಪದ್ಧತಿಯಲ್ಲಿ ಕೆಲಸ ಯಾವ ಗಳಿಗೆಯಲ್ಲಿ ನಿಂತರೂ ಆಕೃತಿ ಕಲ್ಲಿನಿಂದ ಬಿಡಿಸಿಕೊಳ್ಳುತ್ತಿರುವಂತೆಯೇ ಕಾಣುತ್ತದೆ. ಮೊನೆಯುಳಿಯ ಒರಟು ಗೆರೆಗಳು, ಹಲ್ಲಿನ ಉಳಿ ಎಳೆದ ಸಮಾಂತರ ಗೀರುಗಳು, ಅಲ್ಲಲ್ಲಿ ನಯವಾಗತೊಡಗಿದ ಮೈ, ಎಲ್ಲವೂ ಒಂದೇ ಕಲ್ಲಿನ ಮೇಲೆ ಒಟ್ಟಿಗೆ ಕಾಣುತ್ತವೆ. ಶಿಲ್ಪ ಹೇಗೆ ಹುಟ್ಟುತ್ತದೆ ಎಂಬುದನ್ನು ಯಾವ ಪಾಠವೂ ಇದಕ್ಕಿಂತ ಸ್ಪಷ್ಟವಾಗಿ ಕಲಿಸಲಾರದು.

ಅವನು ಬೇಕೆಂದೇ ನಿಲ್ಲಿಸಿದ ಎಂಬ ವಾದಕ್ಕೆ ಬಂದಿಗಳಿಗಿಂತ ಬಲವಾದ ಸಾಕ್ಷಿ ಫ್ಲಾರೆನ್ಸಿನದೇ ಮೆದಿಚಿ ಸಮಾಧಿ ಮಂದಿರದ ‘ಹಗಲು’ ಎಂಬ ಪ್ರತಿಮೆ. ಅದರ ಮೈಯ ಸ್ನಾಯುಗಳೆಲ್ಲ ನುಣುಪಾಗಿ ಮುಗಿದಿವೆ, ಮುಖ ಮಾತ್ರ ಒರಟು. ಮುಖವನ್ನು ಕೊನೆಗೆಂದು ಇಟ್ಟುಕೊಂಡು, 1534ರಲ್ಲಿ ಫ್ಲಾರೆನ್ಸ್ ಬಿಟ್ಟು ರೋಮಿಗೆ ಹೋದದ್ದರಿಂದ ಹಾಗೇ ಉಳಿಯಿತು ಎಂದು ಒಂದು ಪಕ್ಷ ಹೇಳುತ್ತದೆ. ಹಗಲಿನ ಬೆಳಕಿಗೆ ನಿರ್ದಿಷ್ಟ ಮುಖವಿರಬಾರದೆಂದು ಬಿಟ್ಟ ಎಂಬುದು ಇನ್ನೊಂದು ಪಕ್ಷ. ವಸಾರಿಯದು ಬೇರೆಯದೇ ವಿವರಣೆ: ಶಿಲ್ಪಿಯ ಕಲ್ಪನೆ ಎಷ್ಟು ಎತ್ತರದ್ದಾಗಿತ್ತೆಂದರೆ ಕೈಗೆ ಅದು ಎಟುಕುತ್ತಿರಲಿಲ್ಲ, ಅತೃಪ್ತಿಯಿಂದ ಕೆಲಸ ಕೈಬಿಡುತ್ತಿದ್ದ. ಈ ಮೂರನ್ನು ಒಂದೇ ಕೃತಿಗೆ ಹೊಂದಿಸಿ ತೀರ್ಪು ಕೊಡಲು ನಮ್ಮಲ್ಲಿ ಆಧಾರ ಸಾಲದು. 1564ರಲ್ಲಿ, ಸಾಯುವ ಕೆಲವೇ ದಿನಗಳ ಮುಂಚಿನವರೆಗೂ ಅವನು ಕೆತ್ತುತ್ತಿದ್ದ ‘ರೊಂಡಾನಿನಿ ಪಿಯೆತಾ’ ಈಗ ಮಿಲಾನಿನಲ್ಲಿದೆ. ಅದರಲ್ಲಿ ಮೊದಲು ಕೆತ್ತಿದ ಆಕೃತಿಯನ್ನು ಅವನೇ ಒಡೆದು ಹೊಸದನ್ನು ತೆಗೆಯಲು ಹೊರಟಿದ್ದಾನೆ. ಹಳೆಯ ಆಕೃತಿಯ ಒಂದು ತೋಳು, ಮೈಯಿಂದ ಬೇರೆಯಾಗಿ, ಇನ್ನೂ ಅಲ್ಲೇ ಇದೆ. ಅಲ್ಲಿ ಅವನು ಹುಡುಕುತ್ತಲೇ ಇದ್ದ ಎನ್ನುವುದಷ್ಟೇ ಸತ್ಯಕ್ಕೆ ಹತ್ತಿರದ ಮಾತು.

ಶಿಲ್ಪಿ ತೀರಿಕೊಂಡ ಮೇಲೆ ನಾಲ್ಕು ಬಂದಿಗಳು ಮೆದಿಚಿ ಮನೆತನದ ಕೈಸೇರಿ ಬೊಬೊಲಿ ಉದ್ಯಾನದ ಕೃತಕ ಗುಹೆಯೊಂದರ ಮೂಲೆಗಳಲ್ಲಿ ನಿಂತವು. ಒರಟು ಕಲ್ಲಿನ ಗೋಡೆಯಿಂದ ಮೂಡಿಬರುವಂತೆ ಅವನ್ನು ಅಲ್ಲಿ ಅಳವಡಿಸಲಾಗಿತ್ತು. ಅಪೂರ್ಣತೆಯನ್ನೇ ಅಲಂಕಾರವಾಗಿ ಬಳಸಿಕೊಂಡ ಮೊದಲ ದೊಡ್ಡ ಉದಾಹರಣೆಗಳಲ್ಲಿ ಇದೂ ಒಂದು. ಅವು ಅಕಾಡೆಮಿಯಾಕ್ಕೆ ಬಂದದ್ದು 20ನೆಯ ಶತಮಾನದ ಆರಂಭದಲ್ಲಿ.

ಕರಡಿಗೆ ಸಿಕ್ಕ ಗೌರವ

ಚಿತ್ರಕಲೆಯಲ್ಲಿ ಬದಲಾವಣೆ ಕುಂಚದ ಗುರುತಿನ ಮೂಲಕ ಬಂತು. ವೆನಿಸ್ಸಿನ ಟಿಶಿಯನ್ ಮುಪ್ಪಿನಲ್ಲಿ ಬರೆದ ಚಿತ್ರಗಳು ಹತ್ತಿರದಿಂದ ಬರಿಯ ಬಣ್ಣದ ಮುದ್ದೆಗಳಂತೆ, ದೂರದಿಂದ ಜೀವಂತವಾಗಿ ಕಾಣುವುದನ್ನು ವಸಾರಿಯೇ ಗುರುತಿಸಿದ್ದಾನೆ. 17ನೆಯ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್, ತನ್ನ ಉದ್ದೇಶ ಈಡೇರಿದ ಕ್ಷಣದಲ್ಲಿ ಚಿತ್ರ ಮುಗಿಯಿತೆಂದು ಹೇಳುವ ಹಕ್ಕು ಕಲಾವಿದನಿಗಿದೆ ಎಂದು ಭಾವಿಸಿದ್ದನೆಂಬ ಮಾತನ್ನು ಡಚ್ ಚಿತ್ರಕಾರರ ಜೀವನಚರಿತ್ರೆ ಬರೆದ ಹೌಬ್ರಾಕೆನ್ ದಾಖಲಿಸಿದ್ದಾನೆ. ಇದು ಸಣ್ಣ ಮಾತಲ್ಲ. ಕೃತಿ ಮುಗಿಯಿತೋ ಇಲ್ಲವೋ ಎಂದು ನಿರ್ಧರಿಸುವ ಅಧಿಕಾರ ಅಲ್ಲಿಯವರೆಗೆ ಹಣ ಕೊಟ್ಟವನ ಕೈಯಲ್ಲಿತ್ತು.

18ನೆಯ ಶತಮಾನಕ್ಕೆ ಕರಡುಗಳನ್ನು ಸಂಗ್ರಹಿಸುವುದು ರಸಿಕತೆಯ ಲಕ್ಷಣವಾಯಿತು. ಎಡ್ಮಂಡ್ ಬರ್ಕ್ 1757ರ ತನ್ನ ಸೌಂದರ್ಯವಿಚಾರದ ಪುಸ್ತಕದಲ್ಲಿ, ಮುಗಿಯದ ರೇಖಾಚಿತ್ರಗಳು ಎಷ್ಟೋ ಸಲ ಅತ್ಯುತ್ತಮವಾಗಿ ಮುಗಿದವುಗಳಿಗಿಂತ ತನಗೆ ಹೆಚ್ಚು ಹಿಡಿಸಿವೆ, ಇಂದ್ರಿಯಕ್ಕೆ ಎದುರಿಗಿರುವುದಕ್ಕಿಂತ ಹೆಚ್ಚಿನದರ ಭರವಸೆ ಕಲ್ಪನೆಗೆ ಸಿಗುವುದೇ ಇದಕ್ಕೆ ಕಾರಣ ಎಂದ. ಫ್ರಾನ್ಸಿನ ದಿದೆರೊ ಕರಡಿನಲ್ಲಿರುವ ಬೆಂಕಿ ಚಿತ್ರದಲ್ಲಿ ಆರಿಹೋಗುತ್ತದೆಂದು ಕೊರಗಿದ. ಆದರೂ ಅಕಾಡೆಮಿಗಳಲ್ಲಿ ಕರಡು ಕರಡಾಗಿಯೇ ಇರಬೇಕಿತ್ತು, ಪ್ರದರ್ಶನಕ್ಕೆ ನುಣುಪಾದ ಚಿತ್ರವೇ ಬೇಕಿತ್ತು.

ಆ ಗೋಡೆ ಒಡೆದದ್ದು 19ನೆಯ ಶತಮಾನದಲ್ಲಿ, ಅದೂ ಜಗಳದ ಮೂಲಕ. ಚಿತ್ರ ಸಿದ್ಧವಾಗುವುದೂ ಅದನ್ನು ತಿದ್ದಿ ತೀಡಿ ನುಣುಪು ಮಾಡುವುದೂ ಬೇರೆ ಬೇರೆ ಎಂದು ಕವಿ ಬೋದಲೇರ್ 1845ರಲ್ಲಿ ಕೊರೊ ಎಂಬ ಚಿತ್ರಕಾರನ ಪರವಾಗಿ ವಾದಿಸಿದ. 1874ರಲ್ಲಿ ಚಿತ್ರಕಾರ ಮೊನೆ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲಿ ನಡೆಸಿದ ಪ್ರದರ್ಶನವನ್ನು ಕಂಡ ಪತ್ರಿಕಾ ವಿಮರ್ಶಕ ಲೂಯಿ ಲೆರುವಾ, ಗೋಡೆಗೆ ಅಂಟಿಸುವ ಕಾಗದದ ಕಚ್ಚಾ ವಿನ್ಯಾಸವೂ ಮೊನೆಯ ಕಡಲ ಚಿತ್ರಕ್ಕಿಂತ ಹೆಚ್ಚು ಮುಗಿದಿದೆ ಎಂದು ಹಳಿದ. ಲಂಡನ್ನಿನಲ್ಲಿ ಚಿತ್ರಕಾರ ವಿಸ್ಲರನ ರಾತ್ರಿಚಿತ್ರವೊಂದನ್ನು ವಿಮರ್ಶಕ ಜಾನ್ ರಸ್ಕಿನ್ ಕಟುವಾಗಿ ಜರೆದಾಗ ವಿಸ್ಲರ್ ಮಾನನಷ್ಟ ಮೊಕದ್ದಮೆ ಹೂಡಿದ. 1878ರ ವಿಚಾರಣೆಯಲ್ಲಿ ಎದುರು ವಕೀಲ ಕೇಳಿದ ಮುಖ್ಯ ಪ್ರಶ್ನೆ, ಎರಡು ದಿನದ ಕೆಲಸಕ್ಕೆ 200 ಗಿನಿ ಬೆಲೆಯೇ ಎಂಬುದು. ಇಡೀ ಬಾಳಿನಲ್ಲಿ ಗಳಿಸಿದ ಅರಿವಿಗೆ ಆ ಬೆಲೆ ಎಂದು ವಿಸ್ಲರ್ ಉತ್ತರಿಸಿದ. ಗೆದ್ದರೂ ಅವನಿಗೆ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಆಗಿನ ಇಂಗ್ಲೆಂಡಿನ ತೀರ ಸಣ್ಣ ನಾಣ್ಯ. ಮೊಕದ್ದಮೆಯ ಖರ್ಚು ಅವನನ್ನು ದಿವಾಳಿ ಮಾಡಿತು.

ಫ್ರೆಂಚ್ ಚಿತ್ರಕಾರ ಸೆಜಾನನ ಖಾಲಿ ಜಾಗಗಳು ಇದಕ್ಕಿಂತ ಆಳವಾದ ಸಂಗತಿ. ಕಲಾವ್ಯಾಪಾರಿ ವೊಲಾರ್ 1899ರಲ್ಲಿ ತನ್ನ ಭಾವಚಿತ್ರಕ್ಕಾಗಿ 115 ಸಲ ಅಲುಗಾಡದೆ ಕೂತದ್ದಾಗಿ ಬರೆದಿದ್ದಾನೆ. ಕೊನೆಗೂ ಕೈಯ ಮೇಲೆ ಎರಡು ಪುಟ್ಟ ಚುಕ್ಕೆಗಳಷ್ಟು ಜಾಗ ಬಣ್ಣವಿಲ್ಲದೆ ಉಳಿಯಿತು. ಅಲ್ಲಿ ಅಂದಾಜಿನಿಂದ ಏನಾದರೂ ಹಚ್ಚಿದರೆ ಆ ಬಿಂದುವಿನಿಂದ ಇಡೀ ಚಿತ್ರವನ್ನು ಮತ್ತೆ ಬರೆಯಬೇಕಾದೀತು ಎಂಬುದು ಸೆಜಾನನ ಅಳುಕು. ಮುಗಿಸಲಾರದ್ದಕ್ಕೂ ಮುಗಿಸಬಾರದೆಂದುಕೊಂಡದ್ದಕ್ಕೂ ನಡುವಿನ ಗೆರೆ ಇಲ್ಲಿ ಅಳಿಸಿಹೋಗುತ್ತದೆ. ತಿಳಿಯದ ಬಣ್ಣವನ್ನು ತುಂಬುವುದಕ್ಕಿಂತ ಬಿಟ್ಟ ಬಿಳಿಯೇ ಪ್ರಾಮಾಣಿಕ ಎಂಬ ನಿಲುವು ಅವನ ಕೊನೆಯ ಜಲವರ್ಣಗಳಲ್ಲಿ ಒಂದು ಶೈಲಿಯಾಗಿಯೇ ಬೆಳೆಯಿತು.

ರೋಡಾನ್

ಶಿಲ್ಪದಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಬೇಕೆಂದೇ ನಿಲ್ಲಿಸಿದವನು ಫ್ರಾನ್ಸಿನ ಒಗುಸ್ತ್ ರೋಡಾನ್. ಅವನು 1875–76ರಲ್ಲಿ ಇಟಲಿಗೆ ಹೋಗಿ ಮೈಕೆಲೇಂಜೆಲೊನನ್ನು ಅಭ್ಯಾಸ ಮಾಡಿದ. ಸುಮಾರು 1895ರ ‘ಚಿಂತನೆ’ ಎಂಬ ಕೃತಿಯಲ್ಲಿ ಶಿಲ್ಪಿ ಕಮೀಲ್ ಕ್ಲೊಡೆಲಳ ಮುಖ ದೊಡ್ಡದೊಂದು ಒರಟು ಬಂಡೆಯ ಮೇಲೆ ಗಲ್ಲದವರೆಗೆ ಮಾತ್ರ ಹೊರಬಂದಿದೆ. ಅಮೃತಶಿಲೆಯನ್ನು ಕೆತ್ತುವ ಕೆಲಸವನ್ನು ರೋಡಾನ್ ಬಹುಮಟ್ಟಿಗೆ ತನ್ನ ಕಾರ್ಯಾಗಾರದ ನುರಿತ ಸಹಾಯಕರಿಗೆ ಬಿಡುತ್ತಿದ್ದ. ಅವನದು ಮಣ್ಣಿನ ಮಾದರಿ, ಮೇಲ್ವಿಚಾರಣೆ. ಹಾಗಿರುವಾಗ ಒರಟು ಕಲ್ಲು ಎಲ್ಲಿಯವರೆಗೆ ಉಳಿಯಬೇಕು, ಎಲ್ಲಿಂದ ಚರ್ಮ ಆರಂಭವಾಗಬೇಕು ಎಂಬುದು ಮೊದಲೇ ಲೆಕ್ಕ ಹಾಕಿ ಕೊಟ್ಟ ಸೂಚನೆ. ಮೈಕೆಲೇಂಜೆಲೊನಲ್ಲಿ ಹೋರಾಟದ ಗುರುತಾಗಿದ್ದದ್ದು ಇಲ್ಲಿ ವಿನ್ಯಾಸವಾಗಿದೆ. ಇದನ್ನು ಕುಂದೆಂದು ಹೇಳುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ: ರೋಡಾನನ ಕೆಲವು ಅಮೃತಶಿಲೆಗಳಲ್ಲಿ ಒರಟು ಕಲ್ಲು ಸಿಹಿಯಾದ ಆಕೃತಿಗೆ ಹಾಕಿದ ಕಟ್ಟಿನಂತಿದೆ. ‘ಚಿಂತನೆ’ಗೆ ಆ ಆಕ್ಷೇಪ ತಟ್ಟುವುದಿಲ್ಲ. ಅಲ್ಲಿ ಬಂಡೆಯ ಭಾರವೇ ಆ ಮುಖದ ಮೌನಕ್ಕೆ ಕಾರಣ. ಬಂಡೆಯನ್ನು ತೆಗೆದುಹಾಕಿದರೆ ಕೃತಿಯೇ ಇರುವುದಿಲ್ಲ.

ರೋಡಾನನ ನಿಜವಾದ ಸಾಹಸ ಲೋಹದ ಕೃತಿಗಳಲ್ಲಿದೆ. ತಲೆ ತೋಳುಗಳಿಲ್ಲದ ‘ನಡೆಯುವ ಮನುಷ್ಯ’ನನ್ನು ಅವನು ದೊಡ್ಡದಾಗಿ ಮಾಡಿಸಿ 1907ರಲ್ಲಿ ಪ್ರದರ್ಶಿಸಿದ. ನಡಿಗೆಯನ್ನು ತೋರಿಸಲು ತಲೆ ಅನಗತ್ಯ ಎಂಬುದು ಅದರ ಹಿಂದಿನ ತರ್ಕ. 1880ರಲ್ಲಿ ಒಪ್ಪಿಕೊಂಡ ‘ನರಕದ ಬಾಗಿಲು’ ಮಾತ್ರ ಬೇರೆ ಕಥೆ. ಅದನ್ನು ಇಡಬೇಕೆಂದು ಯೋಜಿಸಿದ್ದ ಸಂಗ್ರಹಾಲಯ ಏಳಲಿಲ್ಲ. ರೋಡಾನ್ ಮೂವತ್ತಕ್ಕೂ ಹೆಚ್ಚು ವರ್ಷ ಆಕೃತಿಗಳನ್ನು ಸೇರಿಸುತ್ತ, ಕಳಚುತ್ತ, ಕಳಚಿದವನ್ನು ಸ್ವತಂತ್ರ ಕೃತಿಗಳಾಗಿ ಮಾಡುತ್ತ ಹೋದ. ‘ಚಿಂತಕ’ ಮತ್ತು ‘ಚುಂಬನ’ ಎರಡೂ ಹುಟ್ಟಿದ್ದು ಆ ಬಾಗಿಲಿನಿಂದ. 1917ರಲ್ಲಿ ಅವನು ಸತ್ತಾಗ ಬಾಗಿಲು ಇನ್ನೂ ಕಂಚಿನಲ್ಲಿ ಎರಕಗೊಂಡಿರಲಿಲ್ಲ. ಇಂದು ನೋಡಸಿಗುವ ಕಂಚಿನ ಪ್ರತಿಗಳೆಲ್ಲ ಅವನ ನಂತರದವು.

ಪೂರ್ವ ಏಷ್ಯ, ಭಾರತ

ಯುರೋಪಿನಲ್ಲಿ ಇಷ್ಟು ಹೋರಾಟದಿಂದ ಗೆದ್ದ ವಿಚಾರವನ್ನು ಚೀನದಲ್ಲಿ ಜಾಂಗ್ ಯಾನ್‌ಯುವಾನ್ 9ನೆಯ ಶತಮಾನದಲ್ಲೇ ಸ್ಪಷ್ಟವಾಗಿ ಬರೆದಿಟ್ಟಿದ್ದಾನೆ. ಚಿತ್ರಕಾರ ಹೆದರಬೇಕಾದದ್ದು ಅಪೂರ್ಣತೆಗಲ್ಲ, ಎಲ್ಲವನ್ನೂ ಪೂರ್ತಿ ಹೇಳಿಬಿಡುವುದಕ್ಕೆ ಎಂಬುದು 847ರ ಅವನ ಚಿತ್ರಕಲಾ ಚರಿತ್ರೆಯ ನಿಲುವು. ಜಪಾನಿನ ಸನ್ಯಾಸಿ ಕೆಂಕೊ 14ನೆಯ ಶತಮಾನದ ತನ್ನ ಪ್ರಬಂಧಗಳಲ್ಲಿ, ಎಲ್ಲದರಲ್ಲೂ ಏಕರೂಪದ ಪೂರ್ಣತೆ ಒಳ್ಳೆಯದಲ್ಲ, ಅರಮನೆ ಕಟ್ಟುವಾಗಲೂ ಒಂದು ಜಾಗವನ್ನು ಮುಗಿಸದೆ ಬಿಡುತ್ತಾರೆ ಎನ್ನುತ್ತಾನೆ. ನಿಕ್ಕೊ ಊರಿನ ತೊಶೊಗು ಮಂದಿರದ ಯೊಮೆಮೊನ್ ಮಹಾದ್ವಾರದಲ್ಲಿ ಒಂದು ಕಂಬದ ವಿನ್ಯಾಸವನ್ನು ತಲೆಕೆಳಗಾಗಿ ಕೆತ್ತಿದ್ದಾರೆ. ಪೂರ್ತಿಯಾದದ್ದು ಆ ಕ್ಷಣದಿಂದ ಇಳಿಮುಖ ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಈ ದೇಶಗಳ ಚಿತ್ರಗಳಲ್ಲಿ ಬಿಟ್ಟ ಖಾಲಿ ಜಾಗವನ್ನೆಲ್ಲ ಅಪೂರ್ಣತೆ ಎಂದು ಓದುವುದು ತಪ್ಪಾದೀತು. ಮಂಜು, ನೀರು, ಆಕಾಶವಾಗಿ ಆ ಜಾಗ ಚಿತ್ರದಲ್ಲಿ ಕೆಲಸ ಮಾಡುತ್ತಿರುತ್ತದೆ.

ಭಾರತದಲ್ಲಿ ಅರ್ಧಕ್ಕೆ ನಿಂತ ಕೆತ್ತನೆಗೆ ಕೊರತೆಯಿಲ್ಲ. 7ನೆಯ ಶತಮಾನದ ಮಹಾಬಲಿಪುರದ ಏಕಶಿಲಾ ರಥಗಳ ಬುಡ, ಅಜಂತದ ಹಲವು ಗುಹೆಗಳು, ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಕೆಲವು ಭಾಗಗಳು ಮುಗಿಯದೆ ಉಳಿದಿವೆ. ಹಳೇಬೀಡಿನ ರೂವಾರಿಗಳು ಬಳಪದ ಕಲ್ಲಿನ ಚೌಕವನ್ನು ಮೊದಲು ಹೇಗೆ ಒರಟಾಗಿ ತಟ್ಟಿ, ಆಮೇಲೆ ಹೇಗೆ ಸೂಕ್ಷ್ಮಕ್ಕೆ ಇಳಿಯುತ್ತಿದ್ದರೆಂದು ಆ ಗೋಡೆಯ ಭಾಗಗಳಿಂದಲೇ ತಿಳಿಯುತ್ತದೆ. ಆದರೆ ಇವು ಬೇಕೆಂದು ಬಿಟ್ಟವಲ್ಲ. ನಮ್ಮ ಶಿಲ್ಪಸಂಪ್ರದಾಯದಲ್ಲಿ ಪ್ರತಿಮೆ ಪೂರ್ತಿಯಾಗುವುದು ನೇತ್ರೋನ್ಮೀಲನ (ಕಣ್ಣು ತೆರೆಸುವ ವಿಧಿ) ಮತ್ತು ಪ್ರತಿಷ್ಠೆಯಿಂದ. ಗರ್ಭಗುಡಿಯಲ್ಲಿ ಪೂಜೆ ಆರಂಭವಾದರೆ ಹೊರಗೋಡೆಯ ಬಳ್ಳಿಯೊಂದು ಅರೆಯಾಗಿದ್ದರೂ ದೇವಾಲಯ ದೇವಾಲಯವೇ. ಮೇಲುಕೋಟೆಯ ರಾಯಗೋಪುರದ ಎತ್ತರದ ಕಂಬಗಳೂ, ಎರಡನೆಯ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡಾಗ ಮುಗಿಯದೆ ಉಳಿದ ವಿಜಯಪುರದ ಬಾರಾ ಕಮಾನೂ ಇಂದು ಜನರನ್ನು ಸೆಳೆಯುವುದು ನಿಜ. ಛಾವಣಿಯಿಲ್ಲದ ಆ ಕರಿಗಲ್ಲ ಕಮಾನುಗಳ ಚೆಲುವು ಕಟ್ಟಿಸಿದವನ ಲೆಕ್ಕದಲ್ಲಿ ಇರಲಿಲ್ಲ.

ಸಾಹಿತ್ಯದಲ್ಲಂತೂ ನಮ್ಮವರು ಅಪೂರ್ಣವಾದದ್ದನ್ನು ಮುಂದಿನವರು ಮುಗಿಸಬೇಕಾದ ಹೊಣೆ ಎಂದು ಕಂಡರು. ಬಾಣ ಬಿಟ್ಟುಹೋದ ‘ಕಾದಂಬರಿ’ಯನ್ನು ಮಗ ಪೂರೈಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತದ ಉಳಿದ ಕಥೆಯನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಇಷ್ಟಾಗಿಯೂ ಕನ್ನಡಿಗರ ನಾಲಗೆಯ ಮೇಲೆ ಉಳಿದದ್ದು ಗದುಗಿನ ಭಾರತವೇ. ಆನಂದವರ್ಧನನ ಧ್ವನಿತತ್ತ್ವವನ್ನು ಕೆಲವರು ಅಪೂರ್ಣತೆಯ ಮೀಮಾಂಸೆ ಎಂದು ಕರೆಯುವುದುಂಟು. ಅದು ಸರಿಯಲ್ಲ. ಧ್ವನಿಯಲ್ಲಿ ಹೇಳದೆ ಉಳಿಯುವುದು ಅರ್ಥ, ಪದ್ಯ ಪೂರ್ತಿಯಾಗಿಯೇ ಇರುತ್ತದೆ.

ಈ ನೆಲದಲ್ಲಿ ಬೇಕೆಂದೇ ಉಳಿಸಿಕೊಂಡ ಅಪೂರ್ಣತೆಗೆ ಅತ್ಯಂತ ದೊಡ್ಡ ನಿದರ್ಶನ ಪುರಿಯ ಜಗನ್ನಾಥ. ಐತಿಹ್ಯದ ಪ್ರಕಾರ ಇಂದ್ರದ್ಯುಮ್ನ ರಾಜನ ಬಳಿ ಮುದಿ ಬಡಗಿಯ ವೇಷದಲ್ಲಿ ಬಂದ ಶಿಲ್ಪಿ, ತಾನು ಹೇಳುವವರೆಗೆ ಬಾಗಿಲು ತೆರೆಯಬಾರದೆಂದು ಷರತ್ತು ಹಾಕಿದ. ಒಳಗಿನ ಸದ್ದು ನಿಂತಾಗ ತಾಳಲಾರದೆ ಬಾಗಿಲು ತೆರೆದರು. ಕೈಕಾಲು ಮೂಡದ ಮೂರ್ತಿಗಳಷ್ಟೇ ಅಲ್ಲಿದ್ದವು. ಈ ರೂಪದ ಮೂಲ ಶಬರರ ಆರಾಧನೆಯಲ್ಲಿದೆ ಎಂದು ವಿದ್ವಾಂಸರು ಹೇಳುತ್ತಾರೆ. ಮೂಲ ಏನೇ ಇರಲಿ, ಮುಂದೆ ನಡೆದದ್ದು ಮುಖ್ಯ. ನವಕಳೇಬರದ ವರ್ಷಗಳಲ್ಲಿ ಬೇವಿನ ಮರದಿಂದ ಹೊಸ ಮೂರ್ತಿಗಳನ್ನು ಮಾಡುತ್ತಾರೆ. 1996ರಲ್ಲೂ 2015ರಲ್ಲೂ ಹೀಗೆ ಮಾಡಿದರು. ಪ್ರತಿ ಸಲವೂ ಕೈಕಾಲಿಲ್ಲದ ಅದೇ ರೂಪವನ್ನು ನಿಷ್ಠೆಯಿಂದ ಮತ್ತೆ ಕೆತ್ತುತ್ತಾರೆ. ಕಥೆಯಲ್ಲಿ ಅವಸರದಿಂದ ಆದದ್ದು ಆಚರಣೆಯಲ್ಲಿ ನಿಯಮವಾಗಿದೆ, ಆ ದುಂಡು ಕಣ್ಣುಗಳ ಮುಂದೆ ನಿಂತ ಭಕ್ತನಿಗೆ ಏನೂ ಕಡಿಮೆ ಅನ್ನಿಸುವುದಿಲ್ಲ.

ತುಣುಕಿನ ಕಾಲ ಮತ್ತು ಆಧುನಿಕರು

ಜರ್ಮನಿಯಲ್ಲಿ ಫ್ರೀಡ್ರಿಕ್ ಶ್ಲೇಗಲ್ ಮತ್ತು ಗೆಳೆಯರು 1798ರಿಂದ ತಮ್ಮ ಪತ್ರಿಕೆಯಲ್ಲಿ ತುಣುಕನ್ನೇ ಸ್ವತಂತ್ರ ಸಾಹಿತ್ಯ ಪ್ರಕಾರವಾಗಿ ಬೆಳೆಸಿದರು. ಕೋಲ್‌ರಿಜ್ 1816ರಲ್ಲಿ ‘ಕುಬ್ಲಾ ಖಾನ್’ ಕವನವನ್ನು ತುಣುಕೆಂದೇ ಹೆಸರಿಟ್ಟು ಪ್ರಕಟಿಸಿದ. ಸಂಗೀತದಲ್ಲಿ ಎಲ್ಲರೂ ಹೆಸರಿಸುವ ಶೂಬರ್ಟನ ‘ಅಪೂರ್ಣ’ ಸಿಂಫನಿಯನ್ನು ಅವನು 1822ರಲ್ಲಿ ಬಿಟ್ಟ, ಸತ್ತದ್ದು 1828ರಲ್ಲಿ. ಹಾಗಾಗಿ ಸಾವು ಅದರ ಕಾರಣವಲ್ಲ. ಬೇಕೆಂದು ಬಿಟ್ಟ ಎನ್ನಲೂ ಪುರಾವೆಯಿಲ್ಲ.

ಕಲೆಯ ಹೊರಗಿನ ಕಾರಣಕ್ಕೆ ಬೇಕೆಂದೇ ಬಿಟ್ಟ ಒಂದು ಚಿತ್ರ ಕೋಟ್ಯಂತರ ಜನರ ಕೈಯಲ್ಲಿ ಓಡಾಡಿದೆ. ಗಿಲ್ಬರ್ಟ್ ಸ್ಟುವರ್ಟ್ 1796ರಲ್ಲಿ ಜಾರ್ಜ್ ವಾಷಿಂಗ್ಟನ್ನನ ಮುಖವನ್ನಷ್ಟೇ ಬರೆದು ಚಿತ್ರವನ್ನು ಮುಗಿಸದೆ ತನ್ನಲ್ಲೇ ಇಟ್ಟುಕೊಂಡ. ಮುಗಿಸಿದರೆ ಒಪ್ಪಿಸಬೇಕಿತ್ತು, ಇಟ್ಟುಕೊಂಡದ್ದರಿಂದ ಅದನ್ನು ನೋಡಿ ಪ್ರತಿಗಳನ್ನು ಬರೆದು ಮಾರಲು ಸಾಧ್ಯವಾಯಿತು. ಅಮೆರಿಕದ ಒಂದು ಡಾಲರ್ ನೋಟಿನ ಮುಖ ಅಲ್ಲಿಂದ ಬಂದದ್ದು.

20ನೆಯ ಶತಮಾನದಲ್ಲಿ ನಿಲ್ಲಿಸುವುದನ್ನೇ ಘೋಷಿಸುವ ರೂಢಿ ಬಂತು. ಮಾರ್ಸೆಲ್ ದ್ಯುಶಾಂ 1915ರಿಂದ ಮಾಡುತ್ತಿದ್ದ ‘ದೊಡ್ಡ ಗಾಜು’ ಎಂಬ ಕೃತಿಯನ್ನು 1923ರಲ್ಲಿ, ಇದು ಶಾಶ್ವತವಾಗಿ ಅಪೂರ್ಣ ಎಂದು ಸಾರಿ ನಿಲ್ಲಿಸಿದ. ಮುಂದೆ ಸಾಗಣೆಯಲ್ಲಿ ಗಾಜು ಬಿರುಕು ಬಿಟ್ಟಾಗ 1936ರಲ್ಲಿ ಚೂರುಗಳನ್ನು ಜೋಡಿಸಿ ಬಿರುಕುಗಳನ್ನೂ ಕೃತಿಯೊಳಕ್ಕೆ ಒಪ್ಪಿಕೊಂಡ. ಸಾಲ್ ಲೆವಿಟ್ 1974ರಲ್ಲಿ ಘನಾಕೃತಿಯ 12 ಅಂಚುಗಳಲ್ಲಿ ಕೆಲವನ್ನು ಬಿಟ್ಟು, ಮೂರರಿಂದ ಹನ್ನೊಂದು ಅಂಚುಗಳವರೆಗಿನ 122 ಅಪೂರ್ಣ ಘನಗಳನ್ನು ಲೆಕ್ಕ ಹಾಕಿ ತೆಗೆದ. ಎಲ್ಲಿಯೂ ಇಲ್ಲದ ಆ ಪೂರ್ಣ ಘನವನ್ನು ನೋಡುವವನ ಮನಸ್ಸು 122 ಸಲವೂ ಕಟ್ಟಿಕೊಳ್ಳುತ್ತದೆ.

ಆಕರ್ಷಣೆಯ ಕಾರಣಗಳು

ಮನಶ್ಶಾಸ್ತ್ರದ ವಿವರಣೆಯೆಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೆಸರಿಸುವುದು ವಾಡಿಕೆ: ನಡುವೆ ತಡೆದ ಕೆಲಸಗಳು ಮುಗಿಸಿದವುಗಳಿಗಿಂತ ಚೆನ್ನಾಗಿ ನೆನಪಿರುತ್ತವೆ. ಆ ಫಲಿತಾಂಶ ನಂತರದ ಪ್ರಯೋಗಗಳಲ್ಲಿ ಒಂದೇ ಸಮನೆ ಸಿಕ್ಕಿಲ್ಲ. ಅಲ್ಲದೆ ಅದು ಮಾಡುವವನ ನೆನಪಿನ ಮಾತು, ನೋಡುವವನ ಆನಂದದ್ದಲ್ಲ. ಕಲಾಚರಿತ್ರಕಾರ ಗೊಂಬ್ರಿಕ್ 1960ರ ತನ್ನ ಪುಸ್ತಕದಲ್ಲಿ ಚರ್ಚಿಸಿದ ಪ್ರೇಕ್ಷಕನ ಪಾಲು ಎಂಬ ವಿಚಾರ ಇದಕ್ಕಿಂತ ಉಪಯುಕ್ತ. ಚಿತ್ರ ಕೊಡದೆ ಬಿಟ್ಟದ್ದನ್ನು ನೋಡುವವನು ತನ್ನ ಅನುಭವದಿಂದ ತುಂಬುತ್ತಾನೆ, ತುಂಬಿದಷ್ಟೂ ಕೃತಿಯಲ್ಲಿ ಪಾಲುದಾರನಾಗುತ್ತಾನೆ. ಆದರೆ ತುಂಬಲು ದಾರಿ ತೋರುವ ಗುರುತುಗಳು ಕೃತಿಯಲ್ಲಿ ಇರಲೇಬೇಕು. ಅಟ್ಲಸ್‌ನ ತಲೆ ಕಾಣದಿದ್ದರೂ ಅದು ಹೊತ್ತ ಭಾರ ತಿಳಿಯುವುದು ಎದೆ ಮತ್ತು ತೋಳಿನ ಕೆತ್ತನೆ ಅಷ್ಟು ಖಚಿತವಾಗಿರುವುದರಿಂದ. ಮುಗಿಸಲು ಬಾರದವನು ಬಿಟ್ಟ ಜಾಗದಲ್ಲಿ ಕಲ್ಪನೆಗೆ ಹಿಡಿಯಲು ಏನೂ ಸಿಗುವುದಿಲ್ಲ. ನೋಡಲು ಒಂದೇ ಥರವಾದ ಎರಡು ಒರಟು ಕೃತಿಗಳನ್ನು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ.

ಅಮೆರಿಕದ ಆಲಿಸ್ ನೀಲ್ 1965ರಲ್ಲಿ ಬರೆದ ಭಾವಚಿತ್ರ ಈ ಒರೆಗೆ ನಿಲ್ಲುವಂಥದು. ವಿಯೆಟ್ನಾಂ ಯುದ್ಧಕ್ಕೆ ಕರೆ ಬಂದಿದ್ದ ಕಪ್ಪು ವರ್ಣೀಯ ಯುವಕನೊಬ್ಬ ಒಮ್ಮೆ ಬಂದು ಕೂತ, ಎರಡನೆಯ ಸಲ ಬರಲಿಲ್ಲ. ತಲೆ ಮತ್ತು ಒಂದು ಕೈ ಬಣ್ಣ ಪಡೆದಿದ್ದವು, ಉಳಿದ ಮೈ ಬರಿಯ ಗೆರೆ. ನೀಲ್ ಅದನ್ನು ಹಾಗೆಯೇ ಪೂರ್ತಿಯಾದ ಚಿತ್ರವೆಂದು ಸಾರಿ ಬೆನ್ನಿಗೆ ಸಹಿ ಮಾಡಿದರು. ನಿಂತದ್ದು ಯುದ್ಧದಿಂದ, ಆದರೆ ಹಾಗೇ ಇರಲಿ ಎಂದು ನಿರ್ಧರಿಸಿದ್ದು ಕಲಾವಿದೆ. ಪ್ಲಿನಿಯ ಎರಡು ಕಾರಣಗಳೂ ಇಲ್ಲಿ ಒಟ್ಟಿಗೆ ಸೇರುತ್ತವೆ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಅಪೂರ್ಣ ಕೃತಿಗಳನ್ನೇ ಕಲೆಹಾಕಿ ನಡೆಸಿದ, 197 ಕೃತಿಗಳ ದೊಡ್ಡ ಪ್ರದರ್ಶನದಲ್ಲಿ ಈ ಚಿತ್ರವೂ ಇತ್ತು.